ಇಸಿಜಿಯಲ್ಲಿ ‘ಕಂಪ್ಲೀಟ್ ಎಲ್‌ಬಿಬಿಬಿ’ ಎಂದು ಬಂದಿದೆ: ಅನುಭವವಿದ್ದವರು ತಿಳಿಸಿ

ಕೇಳಿದವರು: ನಮ್ಮ ತಂದೆಯವರಿಗೆ 64 ವರ್ಷ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುಂಚೆ ತೆಗೆದ ಇಸಿಜಿಯಲ್ಲಿ ಎಡ ಬಂಡಲ್ ಬ್ರಾಂಚ್ ಪೂರ್ತಿ ಬ್ಲಾಕ್ ಆಗಿದೆ ಎಂದು ಬರೆದಿದ್ದಾರೆ. ಎದೆನೋವು, ಏದುಸಿರು ಯಾವುದೂ ಇಲ್ಲ. ಬ್ಲಾಕ್ ಎಂದರೆ ಸ್ಟೆಂಟ್ ಹಾಕಿಸಬೇಕಾಗುತ್ತದೆಯೇ ಎಂದು ಮನೆಯಲ್ಲಿ ಎಲ್ಲರೂ ಗಾಬರಿಯಾಗಿದ್ದಾರೆ.

ಶರೀರಕ್ರಿಯಾಶಾಸ್ತ್ರದ ಅಧ್ಯಾಪಕರು: ಸ್ಟೆಂಟ್ ಹಾಕುವುದು ರಕ್ತನಾಳ ಕಟ್ಟಿಕೊಂಡಾಗ, ಈ ವರದಿಯಲ್ಲಿರುವ ಬ್ಲಾಕ್ ವಿದ್ಯುತ್ ಸಂಕೇತ ಸಾಗುವ ದಾರಿಯದ್ದು. ಹಿಸ್ ಬಂಡಲ್ ಎಂಬ ವಿದ್ಯುತ್ ತಂತುಗಳ ಕಟ್ಟು ಎಡ, ಬಲ ಎಂದು ಕವಲೊಡೆದು ಸಂಕೇತವನ್ನು ಎರಡೂ ಹೃತ್ಕುಕ್ಷಿಗಳಿಗೆ (ಹೃದಯದ ಕೆಳಗಿನ ಕೋಣೆಗಳಿಗೆ) ಹೆಚ್ಚುಕಡಿಮೆ ಒಟ್ಟಿಗೇ ತಲುಪಿಸುತ್ತದೆ. ಕವಲುಗಳ ಕೊನೆಯ ಪರ್ಕಿಂಜೆ ತಂತುಗಳಲ್ಲಿ ಅದು ಸೆಕೆಂಡಿಗೆ ಸುಮಾರು 2ರಿಂದ 4 ಮೀಟರ್ ಓಡಿದರೆ, ಬರಿಯ ಸ್ನಾಯುಕೋಶಗಳ ಮೂಲಕ ದಾಟುವಾಗ ಅರ್ಧ ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಎಡ ಕವಲು ಕೈಕೊಟ್ಟಾಗ ಮೊದಲು ಬಲ ಹೃತ್ಕುಕ್ಷಿ ಪ್ರಚೋದನೆಗೊಂಡು, ಅಲೆಯು ನಡುಗೋಡೆಯನ್ನು ಬಲದಿಂದ ಎಡಕ್ಕೆ, ಅಂದರೆ ಸಹಜ ದಿಕ್ಕಿಗೆ ತಿರುವುಮುರುವಾಗಿ, ಈ ನಿಧಾನದ ದಾರಿಯಲ್ಲೇ ದಾಟಬೇಕಾಗುತ್ತದೆ. ಅನೇಕರಲ್ಲಿ ಅದು ಮುಂಗೋಡೆಯಲ್ಲಿ ನೇರವಾಗಿ ಸಾಗಲಾರದೆ, ಹೃದಯದ ತುದಿಯನ್ನು ಬಳಸಿಕೊಂಡು ‘ಯು’ ಆಕಾರದಲ್ಲಿ ತಿರುಗಿ, ಎಡ ಪಕ್ಕದ ಗೋಡೆಯನ್ನು ಕಟ್ಟಕಡೆಗೆ ಮುಟ್ಟುತ್ತದೆ. ಹೀಗೆ ಎರಡು ಗೋಡೆಗಳ ಹೊಂದಾಣಿಕೆ ತಪ್ಪುವುದರಿಂದ ರಕ್ತವನ್ನು ನೂಕುವ ಶ್ರಮದಲ್ಲಿ ಒಂದಷ್ಟು ಪೋಲಾಗುತ್ತದೆ. ಬಲ ಕವಲಿನ ಬ್ಲಾಕ್‌ನಲ್ಲಾದರೋ ಎಡಭಾಗ ಸಕಾಲಕ್ಕೇ ನಡೆಯುತ್ತದೆ, ಬಲಭಾಗ ಮಾತ್ರ ತಡ. ಅಂದಹಾಗೆ, 1910ರ ಸುಮಾರಿಗೆ ನಾಯಿಗಳ ಮೇಲೆ ನಡೆದ ಪ್ರಯೋಗಗಳನ್ನು ಮನುಷ್ಯರ ಇಸಿಜಿಗೆ ಹಾಗೆಯೇ ಅನ್ವಯಿಸಿದ್ದರಿಂದ, 1930ರ ಸುಮಾರಿನವರೆಗೆ ವೈದ್ಯರೇ ಎಡ ಬಲಗಳನ್ನು ಅದಲುಬದಲಾಗಿ ಓದುತ್ತಿದ್ದರು!

ಇಸಿಜಿ ತಂತ್ರಜ್ಞರು: ಕಾಗದದ ಮೇಲೆ ಒಂದು ಸಣ್ಣ ಚೌಕ 40 ಮಿಲಿಸೆಕೆಂಡು. ಕ್ಯೂಆರ್‌ಎಸ್, ಅಂದರೆ ಹೃತ್ಕುಕ್ಷಿಗಳ ಪ್ರಚೋದನೆಯನ್ನು ತೋರಿಸುವ ಅಲೆಯ ಅಗಲ ಮೂರು ಚೌಕ, ಅಂದರೆ 120 ಮಿಲಿಸೆಕೆಂಡು ಮುಟ್ಟಿದರೆ ‘ಕಂಪ್ಲೀಟ್’ ಎನ್ನುತ್ತಾರೆ. ಹಳೆಯ ಇಸಿಜಿ ಇದ್ದರೆ ಖಂಡಿತ ಹುಡುಕಿ, ಏಕೆಂದರೆ ಈ ಬ್ಲಾಕ್ ಹೊಸದೋ ಹಳೆಯದೋ ಎಂಬುದೇ ವೈದ್ಯರ ಮೊದಲ ಪ್ರಶ್ನೆಯಾಗಿರುತ್ತದೆ. ಥರ್ಮಲ್ ಕಾಗದ ಬೀರುವಿನಲ್ಲಿ ಇಟ್ಟಲ್ಲೇ ಮಾಸಿಹೋಗುತ್ತದೆ. ಈಗಿನದನ್ನು ಇವತ್ತೇ ಜೆರಾಕ್ಸ್ ಮಾಡಿಸಿಡಿ.

ತಾಯಿಗೆ ಇದೇ ಆದವರು: ನಮ್ಮ ಅಮ್ಮನಿಗೂ ಇದೇ ವರದಿ ಬಂದಾಗ ಪರಿಚಯದವರೊಬ್ಬರು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ ಎಂದಿದ್ದರು. ಎಡ ಬ್ಲಾಕ್ ಇರುವಾಗ ಆ ಪರೀಕ್ಷೆಯ ಇಸಿಜಿಯನ್ನು ನಂಬುವಂತಿಲ್ಲ ಎಂದು ಹೃದ್ರೋಗ ತಜ್ಞರು ಅದನ್ನು ಬಿಟ್ಟು ನೇರವಾಗಿ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿದರು. ಪಂಪಿಂಗ್, ಅಂದರೆ ಪ್ರತಿ ಬಡಿತಕ್ಕೆ ಎಡ ಕುಕ್ಷಿ ಹೊರನೂಕುವ ರಕ್ತದ ಪಾಲು, ಶೇಕಡಾ 30ಕ್ಕೆ ಇಳಿದಿತ್ತು, ಕ್ಯೂಆರ್‌ಎಸ್ 160 ಮಿಲಿಸೆಕೆಂಡು ಇತ್ತು. ಕೆಲವು ತಿಂಗಳು ಔಷಧಿ ಕೊಟ್ಟು ನೋಡಿದ ಮೇಲೆ, ಎರಡೂ ಕುಕ್ಷಿಗಳನ್ನು ಒಟ್ಟಿಗೆ ಬಡಿಸುವ ಸಿಆರ್‌ಟಿ ಪೇಸ್‌ಮೇಕರ್ ಹಾಕಿದರು. ಎಲ್ಲರಿಗೂ ಅದು ಬೇಕಾಗುವುದಿಲ್ಲ. ನಿಮ್ಮ ತಂದೆಯವರ ಪಂಪಿಂಗ್ ಚೆನ್ನಾಗಿದ್ದರೆ ಆಗಾಗ ತಪಾಸಣೆ ಮಾಡಿಸುತ್ತಿರಿ ಎಂದಷ್ಟೇ ಹೇಳಬಹುದು. ಆದರೆ ಎದೆನೋವು ಬಂದರೆ ಅಥವಾ ಕಣ್ಣು ಕತ್ತಲಿಟ್ಟು ಬಿದ್ದರೆ ಮರುದಿನದವರೆಗೆ ಕಾಯಬೇಡಿ.

ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಹಳೆಯ ಫೈಲಿನಲ್ಲಿ 2017ರ ಇಸಿಜಿ ಸಿಕ್ಕಿತು. ಗೆರೆಗಳು ಮಾಸಿದ್ದರೂ ಮೂಲೆಯಲ್ಲಿ ‘ಕ್ಯೂಆರ್‌ಎಸ್ 138’ ಎಂದು ಓದಲು ಬರುತ್ತಿದೆ. ಗುರುವಾರ ಎಕೋ ಇದೆ; ಎರಡನ್ನೂ ತೆಗೆದುಕೊಂಡು ಹೋಗುತ್ತೇವೆ.