ಆಯಿಲ್ ಫಿಲ್ಟರ್ ಬದಲಾಯಿಸಿದ ಮೇಲೆ ಬೆಳಿಗ್ಗೆ ಕರಕರ ಸದ್ದು: ಒರಿಜಿನಲ್ಲೇ ಬೇಕಾ, ಬೇರೆ ಕಂಪನಿಯದ್ದು ಸಾಕಾ?

ಪೆರ್ಲದವ:
ಎಲ್ಲರಿಗೂ ನಮಸ್ಕಾರ. ನಮ್ಮದು 2012ರ ಹೋಂಡಾ ಸಿಟಿ, 1.5 ಪೆಟ್ರೋಲ್. ಒಂದು ಲಕ್ಷ ಕಿಲೋಮೀಟರ್ ದಾಟಿದೆ. ಅಪ್ಪ ತೆಗೆದ ಕಾರು, ಇನ್ನೂ ತುಂಬಾ ವರ್ಷ ಓಡಬೇಕು ಎಂದು ನನ್ನ ಆಸೆ. ಹೆಚ್ಚಾಗಿ ಪೆರ್ಲದಿಂದ ಬದಿಯಡ್ಕ, ಕಾಸರಗೋಡು. ಅಪರೂಪಕ್ಕೆ ಮಂಗಳೂರು.

ಮಳೆಗಾಲಕ್ಕೆ ಮೊದಲು ಹತ್ತಿರದ ಒಂದು ವರ್ಕ್‌ಶಾಪಿನಲ್ಲಿ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿದೆ. ಆಯಿಲ್ ತೆಳು ಗ್ರೇಡಿನ 5ಡಬ್ಲ್ಯು-30, ನಾನೇ ತೆಗೆದುಕೊಂಡು ಹೋದದ್ದು. ಒರಿಜಿನಲ್ ಫಿಲ್ಟರ್ ಅಂಗಡಿಯಲ್ಲಿ ಇರಲಿಲ್ಲ, ಬೇರೆಯದ್ದು ಹಾಕಿದರು. ಆವತ್ತಿನಿಂದ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಕರಕರ ಸದ್ದು ಬರುತ್ತದೆ. ಕೆಂಪು ಆಯಿಲ್ ಲೈಟ್ ಕೂಡ ತಡವಾಗಿ ಹೋಗುತ್ತದೆ. ಆಮೇಲೆ ಎಲ್ಲ ಸರಿ. ಮಧ್ಯಾಹ್ನ ಪುನಃ ಸ್ಟಾರ್ಟ್ ಮಾಡಿದರೆ ಸದ್ದೇ ಇಲ್ಲ.

ಮೆಕ್ಯಾನಿಕ್ ಹೇಳುವುದು, "ಗಾಡಿ ಹಳೇದಾಯ್ತು, ದಪ್ಪದ ಆಯಿಲ್ 20ಡಬ್ಲ್ಯು-50 ಹಾಕಿ." ಎಂತ ಮಾಡುವುದು?

ಮುಳ್ಳೇರಿಯ ಜಾಝ್:
ಒರಿಜಿನಲ್ ಹಾಕಿ ಅಣ್ಣ, ಬೇರೆ ಯೋಚನೆಯೇ ಬೇಡ. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಎಂಜಿನ್ ಹಾಳು ಮಾಡುವುದು ಯಾಕೆ?

ಉಪ್ಪಳ ಸ್ಪ್ಯಾನರ್:
ಮೊದಲು ಮೂರು ವಿಷಯ ನೋಡಿ ಹೇಳಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ತೆಗೆದರೆ ಆಯಿಲ್ ಎಲ್ಲಿವರೆಗೆ ಉಂಟು? ಎಂಜಿನ್ ಬಿಸಿಯಾದ ಮೇಲೂ ಟಿಕ್‌ಟಿಕ್ ಅಂತ ಸಣ್ಣ ಸದ್ದು ಬರುತ್ತದಾ? ಫಿಲ್ಟರಿನ ಸುತ್ತ ಆಯಿಲ್ ಒಸರಿದ ಗುರುತು ಉಂಟಾ? 20ಡಬ್ಲ್ಯು-50 ಮಾತ್ರ ಈಗಲೇ ಹಾಕಿಸಬೇಡಿ.

ಪೆರ್ಲದವ:
ಆಯಿಲ್ ಮೇಲಿನ ಗುರುತಿನಿಂದ ಚೂರು ಕೆಳಗೆ ಉಂಟು. ಬಿಸಿಯಾದ ಮೇಲೆ ಸದ್ದು ಏನೂ ಇಲ್ಲ. ಫಿಲ್ಟರ್ ಸುತ್ತ ಒಣಗಿಯೇ ಉಂಟು.

ಉಪ್ಪಳ ಸ್ಪ್ಯಾನರ್:
ಹಾಗಾದರೆ ನನ್ನ ಸಂಶಯ ಫಿಲ್ಟರ್ ಮೇಲೆಯೇ. ಯಾಕೆ ಎಂದು ಬಿಡಿಸಿ ಹೇಳುತ್ತೇನೆ, ಬೇರೆಯವರಿಗೂ ಪ್ರಯೋಜನ ಆಗಲಿ.

ಫಿಲ್ಟರಿನ ಬಾಯಿ ನೋಡಿ. ನಡುವೆ ಥ್ರೆಡ್ ಇರುವ ದೊಡ್ಡ ತೂತು, ಅದರ ಸುತ್ತ ಸಣ್ಣ ತೂತುಗಳು. ಆಯಿಲ್ ಸಣ್ಣ ತೂತುಗಳಿಂದ ಒಳಗೆ ಹೋಗಿ, ಮಡಚಿದ ಕಾಗದದ ಮೂಲಕ ಸೋಸಿ, ನಡುವಿನ ತೂತಿನಿಂದ ಎಂಜಿನ್‌ಗೆ ಹೋಗುತ್ತದೆ. ಸಣ್ಣ ತೂತುಗಳ ಒಳಬದಿಗೆ ಒಂದು ರಬ್ಬರ್ ಬಿಲ್ಲೆ ಕೂತಿರುತ್ತದೆ. ಎಂಜಿನ್ ನಿಂತ ಮೇಲೆ ಆಯಿಲ್ ಹಿಂದಕ್ಕೆ ಸಂಪ್‌ಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಇಳಿದು ಹೋಗದ ಹಾಗೆ ತಡೆಯುವುದು ಅದರ ಕೆಲಸ. ಆಂಟಿ ಡ್ರೈನ್‌ಬ್ಯಾಕ್ ವಾಲ್ವ್ ಎನ್ನುತ್ತಾರೆ. ಫಿಲ್ಟರ್ ಅಡ್ಡ ಅಥವಾ ಓರೆಯಾಗಿ ಕೂತಿರುವ ಎಂಜಿನ್‌ಗಳಲ್ಲಿ ಇದು ಬಹಳ ಮುಖ್ಯ.

ಈ ಬಿಲ್ಲೆ ಸರಿಯಾಗಿ ಮುಚ್ಚದಿದ್ದರೆ ರಾತ್ರಿಯಿಡೀ ಆಯಿಲ್ ಇಳಿದು ಫಿಲ್ಟರ್ ಖಾಲಿಯಾಗುತ್ತದೆ. ಬೆಳಿಗ್ಗೆ ಪಂಪ್ ಮೊದಲು ಆ ಖಾಲಿ ಡಬ್ಬಿ ತುಂಬಿಸಬೇಕು, ಆಮೇಲೆಯೇ ಮೇಲಿನ ಭಾಗಕ್ಕೆ ಆಯಿಲ್ ಏರುವುದು. ನಿಮ್ಮ ಎರಡು ಮೂರು ಸೆಕೆಂಡ್ ಸದ್ದು, ತಡವಾಗಿ ಹೋಗುವ ಲೈಟ್, ಎರಡೂ ಇದಕ್ಕೆ ಸರಿ ಹೊಂದುತ್ತವೆ. ಮಧ್ಯಾಹ್ನ ಸದ್ದು ಬಾರದಿರುವುದು ಯಾಕೆಂದರೆ ಅಷ್ಟು ಹೊತ್ತಿನಲ್ಲಿ ಪೂರ್ತಿ ಇಳಿದಿರುವುದಿಲ್ಲ.

ಟ್ಯಾಪೆಟ್, ಅಂದರೆ ವಾಲ್ವ್ ಒತ್ತುವ ಭಾಗದ ಸದ್ದಾದರೆ ಲಕ್ಷಣ ಬೇರೆ. ಈ ಎಂಜಿನ್‌ನಲ್ಲಿ ಟ್ಯಾಪೆಟ್ ಗ್ಯಾಪನ್ನು ಸ್ಕ್ರೂ ತಿರುಗಿಸಿ ಹೊಂದಿಸುವುದು, ತಾನಾಗಿ ಸರಿಯಾಗುವ ಹೈಡ್ರಾಲಿಕ್ ವ್ಯವಸ್ಥೆ ಇಲ್ಲ. ಗ್ಯಾಪ್ ಜಾಸ್ತಿಯಾದರೆ ಟಿಕ್‌ಟಿಕ್ ಬರುತ್ತಲೇ ಇರುತ್ತದೆ, ಮೂರು ಸೆಕೆಂಡಿಗೆ ನಿಲ್ಲುವುದಿಲ್ಲ.

ಇನ್ನು 20ಡಬ್ಲ್ಯು-50. ಹೋಂಡಾ ಈ ಎಂಜಿನ್ ಮಾಡಿದ್ದು ತೆಳು ಆಯಿಲ್‌ಗೆ. ಐ-ವಿಟೆಕ್ ಎಂಬ ಇದರ ವಾಲ್ವ್ ವ್ಯವಸ್ಥೆಯಲ್ಲಿ ವಾಲ್ವ್ ಒತ್ತುವ ರಾಕರ್ ಒಳಗಿನ ಪಿನ್ ಸರಿಯುವುದೂ ಆಯಿಲ್ ಒತ್ತಡದಿಂದಲೇ, ಅದೂ ಸಣ್ಣ ಸಣ್ಣ ದಾರಿಗಳಲ್ಲಿ. ದಪ್ಪ ಆಯಿಲ್ ಸದ್ದನ್ನು ಸ್ವಲ್ಪ ಅಡಗಿಸಬಹುದು. ಆದರೆ ಖಾಲಿ ಫಿಲ್ಟರ್ ತುಂಬಲು ಇನ್ನೂ ತಡ. ರೋಗ ಅಲ್ಲೇ ಇರುತ್ತದೆ, ನಮಗೆ ಕೇಳುವುದಿಲ್ಲ ಅಷ್ಟೆ.

ಕುಂಬಳೆ ಎಟಿಯೋಸ್:
ಹಾಗಾದರೆ ಬೇರೆ ಕಂಪನಿ ಫಿಲ್ಟರ್ ಎಲ್ಲವೂ ಕೆಟ್ಟದ್ದಾ? ನಾನು ಯಾವಾಗಲೂ ಬಾಷ್ ಹಾಕುವುದು, ತೊಂದರೆ ಬಂದಿಲ್ಲ.

ಉಪ್ಪಳ ಸ್ಪ್ಯಾನರ್:
ಅಲ್ಲ ಮಾರಾಯ್ರೆ, ಹಾಗೆ ಹೇಳಲೇಬಾರದು. ಕಾರು ಕಂಪನಿಗಳೂ ಫಿಲ್ಟರನ್ನು ಸಾಮಾನ್ಯವಾಗಿ ಬೇರೆ ತಯಾರಕರಿಂದ ಮಾಡಿಸಿ ತಮ್ಮ ಹೆಸರು ಹಾಕುತ್ತವೆ. ಡೆನ್ಸೊ 1949ರಲ್ಲಿ ಟೊಯೊಟಾದಿಂದಲೇ ಬೇರೆಯಾದ ಕಂಪನಿ. ಬಾಷ್, ಮಾಲೆ, ಮನ್, ನಮ್ಮ ಫರೀದಾಬಾದಿನ ಎಲೋಫಿಕ್, ಇವರೆಲ್ಲ ಫಿಲ್ಟರ್ ಕೆಲಸ ಗೊತ್ತಿರುವವರೇ. ಅವರ ಪಟ್ಟಿಯಲ್ಲಿ ನಿಮ್ಮ ಕಾರಿನ ಮಾಡೆಲ್, ವರ್ಷ, ಎಂಜಿನ್ ಮೂರೂ ತೋರಿಸಿ ಕೊಟ್ಟ ನಂಬರ್ ಆದರೆ ಧೈರ್ಯವಾಗಿ ಹಾಕಿ.

ನನಗೆ ಹೆದರಿಕೆ ಇರುವುದು "ಇದೂ ಕೂರುತ್ತದೆ" ಎಂದು ಕೌಂಟರಿನಲ್ಲಿ ಕೊಡುವ ಫಿಲ್ಟರ್ ಮೇಲೆ. ಹೋಂಡಾಗಳ ಥ್ರೆಡ್ ಎಂ20, 1.5 ಪಿಚ್. ಅಂದರೆ ಅಗಲ 20 ಮಿಲಿಮೀಟರ್, ಸುತ್ತಿನಿಂದ ಸುತ್ತಿಗೆ 1.5. ಟೊಯೊಟಾದ ಅನೇಕ ಡಬ್ಬಿ ಫಿಲ್ಟರ್‌ಗಳದ್ದು ಮುಕ್ಕಾಲು ಇಂಚು, ಇಂಚಿಗೆ 16 ಸುತ್ತು. ಅದು ಸುಮಾರು 19 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಟೊಯೊಟಾ ಫಿಲ್ಟರ್ ಹೋಂಡಾಕ್ಕೆ ಹತ್ತುವುದೇ ಇಲ್ಲ, ಅದು ಪುಣ್ಯ. ತಿರುಗಾ ಮುರುಗಾ ಮಾಡಿದರೆ, ಹೋಂಡಾ ಫಿಲ್ಟರ್ ಟೊಯೊಟಾ ಎಂಜಿನ್ನಿನ ಸ್ಟಡ್ಡಿಗೆ (ಫಿಲ್ಟರ್ ಹತ್ತುವ ಥ್ರೆಡ್ ಕೊಳವೆಗೆ) ಸಡಿಲವಾಗಿ ಹತ್ತುತ್ತದೆ. ಬಿಗಿಯಾದ ಹಾಗೆ ಅನಿಸುತ್ತದೆ, ಒಸರುವುದೂ ಇಲ್ಲ. ಹೈವೇಯಲ್ಲಿ ಆರ್‌ಪಿಎಂ ಏರಿದಾಗ ಆಯಿಲ್ ಒತ್ತಡಕ್ಕೆ ಥ್ರೆಡ್ ಬಿಟ್ಟು ಕಳಚಿಕೊಂಡರೆ ಎಂಜಿನ್ ಆಯಿಲ್ ಅಷ್ಟೂ ರಸ್ತೆಯಲ್ಲಿ. ನಿಮ್ಮ ಎಟಿಯೋಸ್ ಟೊಯೊಟಾದ್ದೇ, ಅದಕ್ಕೆ ಹಾಕುವಾಗ ಇದನ್ನು ನೋಡಲೇಬೇಕು. ಕೈಯಲ್ಲಿ ತಿರುಗಿಸುವಾಗ ಅಲುಗಾಡಿದರೆ ತೆಗೆದು ವಾಪಸ್ ಕೊಡಿ.

ಒಳಗೆ ಇನ್ನೊಂದು ವಾಲ್ವ್ ಉಂಟು, ಬೈಪಾಸ್. ಕಾಗದ ಕಟ್ಟಿಕೊಂಡಾಗ ಅಥವಾ ಆಯಿಲ್ ತುಂಬಾ ದಪ್ಪ ಇದ್ದಾಗ ಅದು ತೆರೆದು ಸೋಸದ ಆಯಿಲನ್ನೇ ಎಂಜಿನ್‌ಗೆ ಬಿಡುತ್ತದೆ. ಆಯಿಲ್ ಇಲ್ಲದೆ ಓಡುವುದಕ್ಕಿಂತ ಕೊಳಕು ಆಯಿಲ್ ಮೇಲು, ಅಲ್ವಾ? ಅದು ಎಷ್ಟು ಒತ್ತಡಕ್ಕೆ ತೆರೆಯಬೇಕು ಎಂಬುದು ಎಂಜಿನ್ನಿಂದ ಎಂಜಿನ್ನಿಗೆ ಬೇರೆ. ಥ್ರೆಡ್ ಸರಿಯಾದರೂ ಈ ಲೆಕ್ಕ ತಪ್ಪಬಹುದು. ಅದಕ್ಕೇ ಆಕಾರ ನೋಡಿ ಫಿಲ್ಟರ್ ಆರಿಸಬಾರದು ಎನ್ನುವುದು.

ಮುಳ್ಳೇರಿಯ ಜಾಝ್:
ಡಬ್ಬಿಯ ಮೇಲೆ 99 ಶೇಕಡಾ ಸೋಸುತ್ತದೆ ಎಂದು ಬರೆದಿರುತ್ತದಲ್ಲ, ಅದನ್ನು ನಂಬಬಹುದಾ?

ಉಪ್ಪಳ ಸ್ಪ್ಯಾನರ್:
ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಕಣಕ್ಕೆ ಎಂದು ಬರೆಯದಿದ್ದರೆ ಆ 99ಕ್ಕೆ ಅರ್ಥ ಇಲ್ಲ. ಪರೀಕ್ಷೆಗೆ ಐಎಸ್ಒ 4548-12 ಎಂಬ ಮಾನದಂಡ ಉಂಟು. ಅದರ ಹೆಸರೂ, ಮೈಕ್ರಾನೂ ಬರೆದಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕುಂಬಳೆ ಎಟಿಯೋಸ್:
ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ಹೆದ್ದಾರಿ ಕೆಲಸ ನಡೆಯುವಾಗ ಆ ಧೂಳಿನಲ್ಲೇ ನಾವೆಲ್ಲ ಓಡಾಡಿದ್ದು. ಅಂಥ ಕಡೆ ಓಡಿಸಿದರೆ ಆಯಿಲ್ ಫಿಲ್ಟರ್ ಬೇಗ ಬದಲಾಯಿಸಬೇಕಾ?

ಉಪ್ಪಳ ಸ್ಪ್ಯಾನರ್:
ಧೂಳು ಎಂಜಿನ್ ಒಳಗೆ ಬರುವುದು ಗಾಳಿಯ ದಾರಿಯಲ್ಲಿ. ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ಆಯಿಲ್ ಫಿಲ್ಟರನ್ನು ಪ್ರತಿ ಆಯಿಲ್ ಚೇಂಜ್‌ಗೂ ಬದಲಾಯಿಸಿದರೆ ಸಾಕು. ಮಳೆಗಾಲದಲ್ಲಿ ಬರೀ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವವರು ಮಾತ್ರ ಆಯಿಲನ್ನು ಕಿಲೋಮೀಟರ್ ಲೆಕ್ಕಕ್ಕಿಂತ ಬೇಗ ಬದಲಾಯಿಸುವುದು ಒಳ್ಳೆಯದು. ಎಂಜಿನ್ ಸರಿಯಾಗಿ ಬಿಸಿಯಾಗದಿದ್ದರೆ ಒಳಗಿನ ನೀರಿನಂಶ, ಪೆಟ್ರೋಲ್ ಅಂಶ ಆರಿ ಹೋಗುವುದಿಲ್ಲ. ಅದನ್ನು ಯಾವ ಫಿಲ್ಟರೂ ಸೋಸಲಾರದು.

ಬದಿಯಡ್ಕ ಅಕ್ಕ:
ನಮ್ಮದು ಹೊಸ ಕಾರು. ಬೇರೆ ಫಿಲ್ಟರ್ ಹಾಕಿದರೆ ವಾರಂಟಿ ಹೋಗುತ್ತದೆ ಎನ್ನುತ್ತಾರೆ. ನಿಜವಾ?

ಮುಳ್ಳೇರಿಯ ಜಾಝ್:
ಅಕ್ಕ, 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ವಿರುದ್ಧ ಆದೇಶ ಕೊಟ್ಟಿತ್ತು. ಹೊರಗಿನ ವರ್ಕ್‌ಶಾಪಿಗೆ ಹೋದರು ಎಂಬ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಮಾಡುವ ಷರತ್ತು ಹಾಕಬಾರದು ಎಂದು ಅದರಲ್ಲಿ ಉಂಟು. ಕಂಪನಿಗಳು ಮೇಲ್ಮನವಿಗೂ ಹೋದವು. ಆದರೂ ವಾರಂಟಿ ಇರುವಷ್ಟು ದಿನ ಒರಿಜಿನಲ್ ಹಾಕಿ ಬಿಲ್ ಇಟ್ಟುಕೊಳ್ಳಿ. ಸುಮ್ನೆ ಜಗಳ ಯಾಕೆ?

ಉಪ್ಪಳ ಸ್ಪ್ಯಾನರ್:
ಪೆರ್ಲದ ಅಣ್ಣ, ನೀವು ಒಂದು ಒರಿಜಿನಲ್ ತಂದಿಟ್ಟುಕೊಳ್ಳಿ. ಅದರಲ್ಲೂ ಡುಪ್ಲಿಕೇಟ್ ಉಂಟು, ಹಾಗಾಗಿ ಬಿಲ್ ಕೊಡುವ ಕಡೆಯಿಂದಲೇ ತನ್ನಿ. ಡಬ್ಬದ ಮೇಲೆ ಎಂಆರ್‌ಪಿ, ತಯಾರಾದ ತಿಂಗಳು, ತಯಾರಕರ ಅಥವಾ ಆಮದುದಾರರ ವಿಳಾಸ ಇರಲೇಬೇಕು. ಬೆರಳಿನಿಂದ ರಬ್ಬರ್ ಬಿಲ್ಲೆಯನ್ನು ಮೆಲ್ಲ ಒತ್ತಿ ನೋಡಿ, ಮೆದುವಾಗಿ ಬಗ್ಗಿ ವಾಪಸ್ ಬರಬೇಕು.

ರಾತ್ರಿ ಕಾರು ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಹಳೆ ಫಿಲ್ಟರ್ ಬಿಚ್ಚಿಸಿ, ಒಳಗೆ ಎಷ್ಟು ಆಯಿಲ್ ಉಂಟು ನೋಡಿ. ಉತ್ತರ ಅಲ್ಲೇ ಸಿಗುತ್ತದೆ. ಹಳೆ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್‌ಗೆ ಅಂಟಿ ಉಳಿದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಎರಡು ರಿಂಗ್ ಸೇರಿದರೆ ಆಯಿಲ್ ಚಿಮ್ಮುತ್ತದೆ. ಹೊಸ ರಿಂಗಿಗೆ ಹೊಸ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ. ರಿಂಗ್ ತಾಗಿದ ಮೇಲೆ ಸುಮಾರು ಮುಕ್ಕಾಲು ಸುತ್ತು ಸಾಕು, ಡಬ್ಬಿಯ ಮೇಲೂ ಬರೆದಿರುತ್ತದೆ. ಬದಲಾಯಿಸಿದ ಕೂಡಲೇ ಮೊದಲ ಸ್ಟಾರ್ಟ್‌ಗೆ ಸದ್ದು ಬಂದರೆ ಹೆದರಬೇಡಿ, ಹೊಸ ಡಬ್ಬಿ ತುಂಬುವವರೆಗೆ ಅದು ಸಹಜ. ಮರುದಿನ ಬೆಳಿಗ್ಗೆಯದ್ದೇ ಲೆಕ್ಕ.

ಪೆರ್ಲದವ:
ನೀವು ಹೇಳಿದ ಹಾಗೆಯೇ ಮಾಡಿದೆ. ಹಳೆ ಫಿಲ್ಟರಿನಿಂದ ಬಂದದ್ದು ತಳದಲ್ಲಿದ್ದ ಚೂರು ಆಯಿಲ್ ಮಾತ್ರ. ತಗಡು ಕತ್ತರಿಸುವ ಕತ್ತರಿಯಲ್ಲಿ ಬಿಡಿಸಿ ನೋಡಿದರೆ, ಆ ರಬ್ಬರ್ ಬಿಲ್ಲೆ ಹಳೆ ಸೈಕಲ್ ಟ್ಯೂಬಿನ ಹಾಗೆ ಗಟ್ಟಿಯಾಗಿ ಅಂಚು ಮೇಲಕ್ಕೆ ಸುರುಟಿತ್ತು. ಕಾಗದ ಚೆನ್ನಾಗಿಯೇ ಇತ್ತು, ಲೋಹದ ಚೂರು ಏನೂ ಸಿಗಲಿಲ್ಲ. ಒರಿಜಿನಲ್ ಹಾಕಿದ ಮರುದಿನದಿಂದ ಬೆಳಿಗ್ಗೆ ಸದ್ದಿಲ್ಲ, ಲೈಟ್ ಕೂಡಲೇ ಹೋಗುತ್ತದೆ. ಆಯಿಲ್ ಅದೇ 5ಡಬ್ಲ್ಯು-30. ಅಣ್ಣ, ನಿಮ್ಮ ಉಪಕಾರ ಮರೆಯುವುದಿಲ್ಲ.

ಇನ್ನೊಂದು ಪ್ರಶ್ನೆ. ತೆಗೆದ ಹಳೆ ಆಯಿಲನ್ನು ಗೆದ್ದಲು ಬಾರದ ಹಾಗೆ ಬೇಲಿಯ ಕಂಬದ ಬುಡಕ್ಕೆ ಸುರಿಯಬಹುದಾ?

ಉಪ್ಪಳ ಸ್ಪ್ಯಾನರ್:
ದಯವಿಟ್ಟು ಬೇಡ. ನಿಮ್ಮ ಎಣ್ಮಕಜೆ ಕಡೆ ಮುರಕಲ್ಲಿನ ಮಣ್ಣು, ಮೇಲೆ ಸುರಿದದ್ದು ಮಳೆಗೆ ಕೆಳಗಿಳಿಯುತ್ತದೆ. ಎಷ್ಟೋ ಮನೆಯವರು ಸುರಂಗದ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಾವಿಯ, ನೀರು ಕುಡಿಯುತ್ತಾರೆ. ಹಳೆ ಫಿಲ್ಟರಿನ ತಲೆಗೆ ತೂತು ಮಾಡಿ ಒಂದು ರಾತ್ರಿ ಬೋರಲು ಇಟ್ಟರೆ ಉಳಿದ ಆಯಿಲ್ ಇಳಿಯುತ್ತದೆ. ಎಲ್ಲವನ್ನೂ ಕ್ಯಾನಿಗೆ ಹಾಕಿ, ಹಳೆ ಆಯಿಲ್ ಸಂಗ್ರಹಿಸಿ ಕೊಡುವ ವರ್ಕ್‌ಶಾಪಿಗೆ ಕೊಡಿ.