ನೇತ್ರಾಣಿ ಮುಗೀತು, ಈಗ ತಣ್ಣೀರು: ಫಾರ್ನ್ ದ್ವೀಪಗಳಿಗೆ ಯಾವ ಸೂಟ್, ಎಷ್ಟು ಸೀಸ?

ಬಳ್ಳಾರಿ_ಬಂಡೆ
ಸ್ಕೂಬಾ ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕಾರ್ಡ್ ಇದೆ. ಡೈವ್ ಎಲ್ಲಾ ನೇತ್ರಾಣಿ ದ್ವೀಪದಲ್ಲೇ: 3 ಮಿ.ಮೀ. ವೆಟ್‌ಸೂಟ್, ಅಲ್ಯೂಮಿನಿಯಂ ಸಿಲಿಂಡರ್, ಮುಳುಗೋಕೆ ಸೊಂಟಕ್ಕೆ 5 ಕೆ.ಜಿ. ಸೀಸ. ಮೈತೂಕ 70. ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಫಾರ್ನ್ ದ್ವೀಪಗಳಿಗೆ ಹೊರಟಿದ್ದೇನೆ, ಸೀಲ್ (ಕಡಲನಾಯಿ) ನೋಡೋಕೆ. ನೀರು 12-13 ಡಿಗ್ರಿ ಅಂತಾರೆ. 7 ಮಿ.ಮೀ. ಸಾಕಾ, ನೀರು ಒಳಗೆ ಬಾರದ ಡ್ರೈಸೂಟೇ ಬೇಕಾ? ಸೀಸ ಎಷ್ಟು? ಅದಕ್ಕೂ ಮುಂಚೆ ಸಣಾಪುರ ಕೆರೆಯಲ್ಲಿ ಒಂದೆರಡು ಸಲ ಪ್ರಾಕ್ಟೀಸ್ ಮಾಡಬಹುದಾ?

ಕೊಪ್ಪಳದ_ಮೀನು
ಕೊನೀ ಪ್ರಶ್ನೆಗೆ ಮೊದ್ಲ ಉತ್ತರ: ಬ್ಯಾಡ್ರಿ. ಅಲ್ಲಿ ಮೊಸಳಿ ಕಾಟ ಐತಿ, ಕಾಲುವೆ ನೀರಿನ ಸೆಳವು ಬ್ಯಾರೆ. ಮ್ಯಾಲೆ ಆ ಬೆಚ್ಚನ ನೀರಾಗ ತಣ್ಣೀರಿನ ಪಾಠ ಏನೂ ಸಿಗಂಗಿಲ್ಲ.

ಸೂಟಿಗೆ ಬಂದ್ರ, ಡ್ರೈಸೂಟೇ ತಗೋರಿ. 20 ಮೀಟರ್ ಆಳದಾಗ ಒತ್ತಡ ಮೂರು ಪಟ್ಟು. ನಿಯೋಪ್ರೀನ್ (ವೆಟ್‌ಸೂಟಿನ ರಬ್ಬರ್) ಒಳಗಿನ ಗುಳ್ಳಿ ಅಮುಕಿ ಸೂಟ್ ತೆಳ್ಳಗಾಗತೈತಿ, ಚಳಿ ಅಲ್ಲೇ ಹಿಡಿಯೋದು. ಡ್ರೈಸೂಟಿನಾಗ ಗಾಳಿ ತುಂಬ್ಕೊಂತ ಹೋಗಬಹುದು, ಒಳಗಿನ ದಪ್ಪ ಬಟ್ಟಿ ಅಮುಕೋದಿಲ್ಲ. ಆದ್ರ ಈಜುಕೊಳದಾಗ ಕಲೀದ ಸಮುದ್ರಕ್ಕ ಇಳೀಬ್ಯಾಡ್ರಿ. ತಲಿ ಕೆಳಗಾದ್ರ ಗಾಳಿ ಎಲ್ಲಾ ಪಾದಕ್ಕ ಓಡಿ, ಕಾಲು ಮ್ಯಾಲಾಗಿ ಬಲೂನಿನಂಗ ಏರಿಬಿಡ್ತೀರಿ. ಹಂಗಾದ್ರ ಮೊಣಕಾಲು ಎದಿಗೆ ಎಳಕೊಂಡು ಉಂಡೆಯಾಗಿ ಉರುಳ್ರಿ, ತಲಿ ಮ್ಯಾಲಾದ ಕೂಡ್ಲೆ ಎಡಭುಜ ಎತ್ತಿ ಅಲ್ಲಿರೋ ವಾಲ್ವಿನಿಂದ ಗಾಳಿ ಹೊರಗ ಬಿಡ್ರಿ. ಏರುವಾಗ ಆ ವಾಲ್ವ್ ಪೂರ್ತಿ ತೆರದಿರಬೇಕು.

ರಾಯಚೂರು_ಬಿಸಿಲು
ಸೆಪ್ಟೆಂಬರಿಗೆ ಒಂದೇ ಡೈವ್ ಆದರೆ 7 ಮಿ.ಮೀ. ಸೆಮಿಡ್ರೈ (ನೀರು ಕಡಿಮೆ ನುಗ್ಗುವ ವೆಟ್‌ಸೂಟ್), ತಲೆಗೆ ಹುಡ್, 5 ಮಿ.ಮೀ. ಕೈಗವಸು ನಡೆಯುತ್ತೆ. ಎರಡನೇ ಡೈವಿಗೆ ಮಾತ್ರ ಕೊಪ್ಪಳದವರ ಮಾತೇ ಸರಿ. ಒದ್ದೆ ಸೂಟಿನಲ್ಲಿ ದೋಣಿ ಮೇಲೆ ಗಾಳಿಗೆ ಕೂತರೆ ನೀರಿಗಿಂತ ಹೆಚ್ಚು ನಡುಗ್ತೀರಿ.

ಸೀಸ: ನಿಮ್ಮ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾದಾಗ ತೇಲುತ್ತೆ, ಅದನ್ನು ಅದುಮಿಡಲು ಸುಮಾರು 2 ಕೆ.ಜಿ. ಹೋಗುತ್ತೆ. ಅಲ್ಲಿ ಸಿಗೋದು 12 ಲೀಟರ್ ಉಕ್ಕಿನದು, ಆ ಕಾಟ ಇಲ್ಲ. ಆದರೆ ಡ್ರೈಸೂಟು, ಒಳಗಿನ ದಪ್ಪ ಬಟ್ಟೆ ಹೆಚ್ಚು ತೇಲಿಸುತ್ತವೆ, ಹಾಗಾಗಿ ಅದಕ್ಕೆ 10 ಕೆ.ಜಿ.ಯಿಂದ ಶುರು ಮಾಡಿ. ಬಿಸಿಡಿ (ಗಾಳಿ ತುಂಬುವ ಜಾಕೆಟ್) ಖಾಲಿ ಮಾಡಿ, ಸಾಧಾರಣ ಉಸಿರಿನಲ್ಲಿ ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ತುಂಬಿದ ಸಿಲಿಂಡರಿನಲ್ಲಿ ನೋಡಿದರೆ ಇನ್ನೂ 2 ಕೆ.ಜಿ. ಸೇರಿಸಿ, ಯಾಕಂದ್ರೆ ಮುಗಿಯುವ ಹೊತ್ತಿಗೆ ಅಷ್ಟು ಗಾಳಿ ಉಸಿರಾಗಿ ಹೋಗಿರುತ್ತೆ. ಕೊನೆ ಪರೀಕ್ಷೆ: ಸಿಲಿಂಡರಿನಲ್ಲಿ 50 ಬಾರ್ ಒತ್ತಡ ಉಳಿದಾಗ 5 ಮೀಟರಿನಲ್ಲಿ 3 ನಿಮಿಷ ಅಲುಗದೆ ನಿಲ್ಲಬೇಕು.

ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಉಸಿರಾಡುವ ಸಾಧನ) ಬಾಡಿಗೆಗೆ ತಗೊಳ್ಳುವಾಗ ಮೇಲಿನ ಬರಹ ಓದಿ. ‘>10°C’ (10 ಡಿಗ್ರಿಗಿಂತ ಮೇಲಿನ ನೀರಿಗೆ) ಅಂತ ಇದ್ದರೆ ಅದು ತಣ್ಣೀರಿನ ಪರೀಕ್ಷೆ ಮುಗಿಸಿದ್ದಲ್ಲ. ಒತ್ತಡದ ಗಾಳಿ ಒಮ್ಮೆಲೇ ಹಿಗ್ಗಿದಾಗ ವಿಪರೀತ ತಣ್ಣಗಾಗುತ್ತೆ, ರೆಗ್ಯುಲೇಟರಿನ ಮೊದಲ ಹಂತದಲ್ಲಿ (ಸಿಲಿಂಡರಿಗೆ ಕೂಡುವ ಭಾಗ) ಮಂಜು ಕಟ್ಟಿ ವಾಲ್ವ್ ತೆರೆದೇ ಉಳಿಯುತ್ತೆ, ಗಾಳಿ ಸುರಿಯುತ್ತೆ. ಮಾರ್ಚಿನ 6 ಡಿಗ್ರಿಯಲ್ಲಿ ಇದರ ಭಯ ಹೆಚ್ಚು, ಸೆಪ್ಟೆಂಬರಿನಲ್ಲಿ ಕಡಿಮೆ. ಆದರೂ ಗಾಳಿ ಹೊರಹಾಕುವ ಪರ್ಜ್ ಗುಂಡಿ ಒತ್ತಿ ಆಟ ಆಡಬೇಡಿ, ಉಸಿರೆಳೆಯುತ್ತಲೇ ಸೂಟಿಗೆ ಗಾಳಿ ಬಿಡಬೇಡಿ.

ಬಳ್ಳಾರಿ_ಬಂಡೆ
ಡ್ರೈಸೂಟ್ ಕೊಂಡು ತಂದು ಇಟ್ಕೊಂಡರೆ? ಮತ್ತೆ ಸೀಲ್ ಹತ್ರ ಬಂದರೆ ಏನು ಮಾಡಬೇಕು?

ಕೊಪ್ಪಳದ_ಮೀನು
ಬಾಡಿಗೆ ಸಾಕ್ರಿ. ಕುತ್ತಿಗಿ, ಮಣಿಕಟ್ಟಿನ ಲೇಟೆಕ್ಸ್ ಪಟ್ಟಿ ನಮ್ಮ ಬಳ್ಳಾರಿ ಬಿಸಲಿಗೆ ಒಂದೇ ಬ್ಯಾಸಿಗ್ಯಾಗ ಅಂಟು ಅಂಟಾಗಿ ಹರೀತಾವು.

ಅಲ್ಲೀ ಬಂಡಿ ಡಾಲರೈಟ್. ನಮ್ಮ ಗ್ರಾನೈಟ್ ಗುಡ್ಡದಾಗ ಕರೀ ಪಟ್ಟಿ ಹಂಗ ಹಾಯ್ದಿರತೈತಲ್ಲ, ಅದೇ ಜಾತಿ. ಆ ಬಂಡಿ ಸಂದಿನಾಗ ಉಬ್ಬರ ಇಳಿತದ ನೀರು ಹೊಳಿ ಹಂಗ ಹರಿಯತೈತಿ. ಸೆಳವು ನಿಲ್ಲೋ ಹೊತ್ತಿಗೇ ಕ್ಯಾಪ್ಟನ್ ಇಳಸ್ತಾರ, ತಡ ಮಾಡಬ್ಯಾಡ್ರಿ. ಏರೋ ಮೊದ್ಲ ಎಸ್‌ಎಂಬಿ (ನೀರಿನ ಮ್ಯಾಲೆ ತೇಲೋ ಗುರುತಿನ ಬಲೂನು) ಬಿಡ್ರಿ.

ಸೀಲ್ ಬೆನ್ನು ಹತ್ತಬ್ಯಾಡ್ರಿ. ಸುಮ್ಮನ ಒಂದ ಕಡೆ ಇದ್ರ ತಾನೇ ಹಿಂದಿನಿಂದ ಬಂದು ಫಿನ್ ಕಚ್ಚಿ ಎಳಿಯತೈತಿ. ಫಿನ್ ಕಚ್ಚಿದ್ರ ಚಿಂತಿಲ್ಲ. ಬೆರಳು ಕಚ್ಚಿದ್ರ ಅವತ್ತೇ ಡಾಕ್ಟರ್ ಹತ್ರ ಹೋಗಿ ಸೀಲ್ ಕಡಿದದ್ದು ಅಂತ ಹೇಳ್ರಿ, ಆ ನಂಜಿಗೆ ಟೆಟ್ರಾಸೈಕ್ಲಿನ್ ಜಾತಿ ಔಷಧಾನೇ ಬೇಕು.