ಪೋಲೆಂಡಿನ ಪುಟ್ಟ ನಾಣ್ಯ: ಮೊನ್ನೆ ಬೆಳ್ಳಿ, ಇವತ್ತು ತಾಮ್ರ. ಮೋಸ ಹೋದೆನಾ?

ಮಲ್ನಾಡ್ ಮಾಣಿ:
ಎಲ್ಲರಿಗೂ ನಮಸ್ಕಾರ. ತಮ್ಮ ಕ್ರಾಕೋವ್‌ನಲ್ಲಿ ಕೆಲಸದಲ್ಲಿದ್ದಾನೆ. ಈ ಸಲ ಊರಿಗೆ ಬರುವಾಗ ಅಲ್ಲಿನ ಸಂತೆಯಲ್ಲಿ ಕೊಂಡ ಒಂದು ನಾಣ್ಯ ತಂದುಕೊಟ್ಟ. ಅಗಲ 19 ಮಿ.ಮೀ., ತೂಕ 1.10 ಗ್ರಾಂ, ತುಂಬಾ ತೆಳು. ಒಂದು ಕಡೆ ಕಿರೀಟ ಇಟ್ಟ ಗುರಾಣಿ. ಇನ್ನೊಂದು ಕಡೆ ತಲೆ ಮೇಲೆ ಶಿಲುಬೆ ಹೊತ್ತ ಗುಂಡು, ಅದರೊಳಗೆ 24. ಅಂದರೆ 1624 ಇರಬೇಕು ಅಂದುಕೊಂಡೆ.

ಮೊನ್ನೆ ಆಚಾರ್ರಿಗೆ ತೋರಿಸಿದಾಗ ಒರೆಗೆ ಹಚ್ಚಿ "ಬೆಳ್ಳಿನೇ" ಅಂದಿದ್ದರು. ಆಮೇಲೆ ಅಮ್ಮ ದೇವರ ಸಾಮಾನಿನ ಜೊತೆ ಅದಕ್ಕೂ ಹುಣಸೆಹಣ್ಣು ಹಚ್ಚಿ, ನಾರಿನಲ್ಲಿ ಚೆನ್ನಾಗಿ ತಿಕ್ಕಿಬಿಟ್ಟರು. ಈಗ ಗುರಾಣಿಯ ಉಬ್ಬೆಲ್ಲ ಕೆಂಪು. ವಾಪಸ್ ಒಯ್ದರೆ ಆಚಾರ್ರು ಅಂಚನ್ನು ಉಜ್ಜಿ ನೋಡಿ "ಅರ್ಧಕ್ಕಿಂತ ಜಾಸ್ತಿ ತಾಮ್ರ, ಯಾರೋ ಟೋಪಿ ಹಾಕಿದ್ದಾರೆ" ಅಂದರು. ಮನೆಯಲ್ಲೇ ನೀರಲ್ಲಿ ಮುಳುಗಿಸಿ ತೂಗಿದೆ, 0.10 ಗ್ರಾಂ ಕಮ್ಮಿ ಬಂತು. ಭಾಗಿಸಿದರೆ 11! ಅಪ್ಪಟ ಬೆಳ್ಳಿಯ ಸಾಂದ್ರತೆಯೇ 10.49 ಅಲ್ವಾ? ಒಳಗೆ ಸೀಸ ಏನಾದರೂ ತುಂಬಿದ್ದಾರಾ?

ಒರೆಗಲ್ಲು:
ಮೊದಲು ಆ ನೀರಿನ ಲೆಕ್ಕ ಮರೆತುಬಿಡಿ. ನಿಮ್ಮ ತಕ್ಕಡಿ 0.01 ಗ್ರಾಂವರೆಗೆ ಮಾತ್ರ ತೋರಿಸುತ್ತದೆ ತಾನೇ? 0.10 ಬಂದರೆ 11, 0.11 ಬಂದರೆ 10, 0.12 ಬಂದರೆ 9.17. ಕೊನೆಯ ಅಂಕಿ ಒಂದು ಮನೆ ಆಚೀಚೆ ಆದರೆ ಸೀಸ ಹೋಗಿ ಬೆಳ್ಳಿ, ಬೆಳ್ಳಿ ಹೋಗಿ ತಾಮ್ರ. ದೊಡ್ಡ ರೂಪಾಯಿಗೆ ಈ ಪರೀಕ್ಷೆ ಸರಿ, ಇಷ್ಟು ಹಗುರದ್ದಕ್ಕೆ ಸುಮ್ನೆ ಗೊಂದಲ.

ಇಂಥ ನಾಣ್ಯವನ್ನು ಲೋಹ ನೋಡಿ ಗುರುತಿಸಲು ಹೋಗಬಾರದು, ಬರಹ ನೋಡಬೇಕು. ಓರೆಯಾಗಿ ಬೆಳಕು ಬಿಟ್ಟು, ಸುತ್ತಲಿನ ಅಕ್ಷರ ಎಷ್ಟು ಕಾಣುತ್ತೋ ಅಷ್ಟನ್ನೇ ಬರೆಯಿರಿ. ಶಿಲುಬೆಯ ಎಡಬಲಕ್ಕೆ ಏನಿದೆ ಅಂತಲೂ ನೋಡಿ.

ಮಲ್ನಾಡ್ ಮಾಣಿ:
ಗುರಾಣಿ ಕಡೆ: ಸಿಗಿಸ್ 3 ಡಿ ಜಿ... ರೆಕ್ಸ್ ಪಿ ಎಂ ಡಿ ಎಲ್. ಕೆಳಗಡೆ ಇನ್ನೊಂದು 3 ಇದೆ. ಗುಂಡಿನ ಕಡೆ: ಮೋನೆ ನೋ ರೆಗ್ ಪೋಲೋ. ಶಿಲುಬೆಯ ಎಡಕ್ಕೆ 2, ಬಲಕ್ಕೂ 2. ಇದನ್ನು ನೋಡೇ ಇರಲಿಲ್ಲ!

ಒರೆಗಲ್ಲು:
ಸಿಕ್ಕಿತು. ಇಸವಿ 1624 ಅಲ್ಲ, 1622. ಆ ಎರಡು 2 ಇಸವಿಯ ಕೊನೆಯ ಅಂಕಿಗಳು. ಇದು ಪೋಲೆಂಡಿನ ದೊರೆ ಮೂರನೇ ಸಿಗಿಸ್ಮಂಡ್ ವಾಸಾನ ಪುಲ್ತೊರಾಕ್. ಹೆಸರಿನ ಅರ್ಥವೇ ಒಂದೂವರೆ, ಅಂದರೆ ಒಂದೂವರೆ ಗ್ರೋಶ್ (ಆಗಿನ ಪೋಲೆಂಡಿನ ಚಿಲ್ಲರೆ ನಾಣ್ಯ). ಕೆಳಗಿನ 3 ಅಂದರೆ ಮೂರು ಅರ್ಧ ಗ್ರೋಶ್. ಗುಂಡಿನೊಳಗಿನ 24 ಅಂದರೆ ದೊಡ್ಡ ಬೆಳ್ಳಿ ನಾಣ್ಯವಾದ ಟಾಲರ್‌ನ 24ರಲ್ಲಿ ಒಂದು ಪಾಲು. ಹೊಸಬರೆಲ್ಲ ಎಡವುವುದು ಈ 24ಕ್ಕೇ, ನಾನೂ ಎಡವಿದ್ದೆ.

ಆಗ ಜರ್ಮನ್ ಸೀಮೆಯಲ್ಲಿ ಗುಂಡು, 24 ಇರುವ ಗ್ರೋಶನ್ ಅನ್ನೋ ನಾಣ್ಯ ಓಡಾಡುತ್ತಿತ್ತು. ಅದರ ಪಕ್ಕದಲ್ಲೇ ಚಲಾವಣೆ ಆಗಲಿ ಅಂತ 1614ರಲ್ಲಿ ಇದನ್ನು ಶುರು ಮಾಡಿದರು. ಶುರುವಿನಲ್ಲೇ ಅರ್ಧಕ್ಕಿಂತ ಕಮ್ಮಿ ಬೆಳ್ಳಿ, ಆಮೇಲೆ ತೂಕವೂ ಇಳಿಯಿತು. 1619ರಿಂದ 1623ರವರೆಗೆ ಜರ್ಮನ್ ರಾಜ್ಯಗಳಲ್ಲೂ ಇದೇ ಹಾವಳಿ. ಒಬ್ಬೊಬ್ಬ ದೊರೆಯೂ ಪಕ್ಕದವನಿಗಿಂತ ಜಾಸ್ತಿ ತಾಮ್ರ ಸುರಿದ. ಟಾಲರ್‌ನ ಬೆಲೆ ಏರುತ್ತಾ ಹೋಗಿ 24 ಅನ್ನೋದು ಬರೀ ಹೆಸರಿಗೆ ಉಳಿಯಿತು.

ಈಗ ಕೆಂಪಿನ ವಿಷಯ. ಟಂಕಸಾಲೆಯವರು ಬಿಲ್ಲೆಗಳನ್ನು ಕಾಯಿಸುತ್ತಿದ್ದರು. ಆಗ ಮೇಲ್ಮೈಯ ತಾಮ್ರ ಕಪ್ಪಾಗುತ್ತದೆ. ಆಮೇಲೆ ದ್ರಾಕ್ಷಾರಸದ ಪೀಪಾಯಿಗೆ ಅಂಟುವ ಹುಳಿ ಗಸಿ ಮತ್ತು ಉಪ್ಪು ಹಾಕಿ ಕುದಿಸಿದರೆ ಆ ಕಪ್ಪು ಕರಗಿ ಹೋಗಿ, ಮೇಲೆ ತೆಳ್ಳಗೆ ಬೆಳ್ಳಿಯ ತೊಗಲು ಉಳಿಯುತ್ತದೆ. ಆ ಗಸಿಯಲ್ಲಿರುವುದು ಟಾರ್ಟಾರಿಕ್ ಆಮ್ಲ, ನಮ್ಮ ಹುಣಸೆಹಣ್ಣಿನ ಹುಳಿಯೂ ಅದೇ. ಅಮ್ಮ ಹಚ್ಚಿದ್ದು ಟಂಕಸಾಲೆಯ ಮದ್ದನ್ನೇ! ಕೆಡಿಸಿದ್ದು ನಾರು. ಉಬ್ಬಿನ ಮೇಲಿನ ತೊಗಲು ಸವೆದು ಒಳಗಿನದು ಕಾಣುತ್ತಿದೆ. ಆಚಾರ್ರು ಮೊದಲು ಒರೆಗೆ ಹಚ್ಚಿದ್ದು ತೊಗಲನ್ನು, ಎರಡನೇ ಸಲ ಒಳಗಿನ ಮೈಯನ್ನು. ಎರಡೂ ಸಲ ಅವರು ನೋಡಿದ್ದು ಸರಿ. ಟೋಪಿ ಹಾಕಿದವರು ಸಂತೆಯವರಲ್ಲ, 400 ವರ್ಷದ ಹಿಂದಿನ ಟಂಕಸಾಲೆಯವರು.

ಚಿಲ್ಲರೆ ಅಂಗಡಿ:
ಒಂದು ಮಾತು ಸೇರಿಸುತ್ತೇನೆ. ಗುಂಡು, 24 ಕಂಡ ಕೂಡಲೇ ಪೋಲೆಂಡ್ ಅಂದುಬಿಡಬೇಡಿ. ರೀಗಾದಲ್ಲಿ ಸ್ವೀಡನ್ನಿನ ಗುಸ್ತಾವ್ ಅಡಾಲ್ಫ್, ಪ್ರಶ್ಯದಲ್ಲಿ ಗಿಯೋರ್ಗ್ ವಿಲ್‌ಹೆಲ್ಮ್, ಅತ್ತ ಟ್ರಾನ್ಸಿಲ್ವೇನಿಯದಲ್ಲಿ ಗೇಬ್ರಿಯಲ್ ಬೆತ್ಲೆನ್, ಎಲ್ಲರೂ ಇದೇ ಅಚ್ಚಿನವು ಹೊಡೆಸಿದ್ದಾರೆ. ಅಂದಿನ ಖೋಟಾ ನಾಣ್ಯಗಳೂ ಉಂಟು. ಅವುಗಳಲ್ಲಿ ಅಕ್ಷರ ತಪ್ಪಿರುತ್ತದೆ, ತಿರುಗುಮುರುಗಾಗಿರುತ್ತದೆ. ನಿಮ್ಮದರ ಬರಹ ನೆಟ್ಟಗಿದೆ. ಗುಂಡಿನ ಕೆಳಗೆ, ಅಂಚಿನ ಹತ್ತಿರ ಪುಟ್ಟ ಗುರುತೇನಾದರೂ ಇದೆಯಾ?

ಮಲ್ನಾಡ್ ಮಾಣಿ:
ಇದೆ! ಮೇಲ್ಮುಖದ ಅರ್ಧಚಂದ್ರ, ನಡುವೆ ಬಾಣ ಇದ್ದ ಹಾಗಿದೆ.

ಚಿಲ್ಲರೆ ಅಂಗಡಿ:
ಅದು ಸಾಸ್ ಲಾಂಛನ, ಆಗಿನ ಖಜಾಂಚಿ ಮಿಕೊವಾಯ್ ದನಿವೊವಿಚ್‌ನ ಮನೆತನದ್ದು. ಖಜಾಂಚಿ ಬದಲಾದ ಮೇಲಿನ ನಾಣ್ಯಗಳಲ್ಲಿ ಕತ್ತೆಯ ತಲೆ ಬರುತ್ತದೆ. 1622ಕ್ಕೆ ಚಂದ್ರನೇ ಸರಿ. ಬಿದ್‌ಗೋಶ್ಚ್ ಟಂಕಸಾಲೆಯದ್ದು.

ಮಲ್ನಾಡ್ ಮಾಣಿ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಕೆಂಪು ಹೋಗಿಸಲು ಬೆಳ್ಳಿ ಪಾಲಿಶ್ ಹಾಕಿಸಲಾ?

ಒರೆಗಲ್ಲು:
ದಯವಿಟ್ಟು ಬೇಡ. ಉಳಿದ ತೊಗಲೂ ಹೋಗುತ್ತದೆ. ಹುಳಿ ಉಳಿಯದ ಹಾಗೆ ಶುದ್ಧ ನೀರಲ್ಲಿ ಅದ್ದಿ, ಒರೆಸದೆ ಹತ್ತಿಬಟ್ಟೆಯಲ್ಲಿ ಒತ್ತಿ ಒಣಗಿಸಿ. ಕಾಗದದ ಲಕೋಟೆಯಲ್ಲಿಡಿ. ಮೆತ್ತನೆ ಪಿವಿಸಿ ಹಾಳೆ ಬೇಡ, ಅದರಲ್ಲಿ ತಾಮ್ರಕ್ಕೆ ಹಸಿರು ಅಂಟು ಬರುತ್ತದೆ. ಕೆಂಪು ತಾನಾಗಿ ಕಂದಾಗುತ್ತದೆ, ನಿಧಾನಕ್ಕೆ. ಬೆಲೆ ತುಸು ಇಳಿದಿರುತ್ತದೆ, ಆದರೆ ಇವು ಮೊದಲೇ ಅಗ್ಗ. ತಲೆ ಕೆಡಿಸಿಕೊಳ್ಳಬೇಡಿ.

ಮಲ್ನಾಡ್ ಮಾಣಿ:
ಅಮ್ಮನಿಗೆ ಟಂಕಸಾಲೆಯ ಕಥೆ ಹೇಳಿದೆ. "ನೋಡಿದೆಯಾ, ನಾನು ಮಾಡಿದ್ದೇ ಸರಿ" ಅಂದರು. ನಾರಿನ ವಿಷಯಕ್ಕೆ ಬರುವಷ್ಟರಲ್ಲಿ ಎದ್ದು ಒಳಗೆ ಹೋದರು.